ಮೂರು ಮೌಂಟ್‌ಗಳಲ್ಲಿ ನಾನು ಗಟ್ಟಿ ಮಾಡಿದ್ದು ಒಂದನ್ನೇ

ದಾವಣಗೆರೆಯಲ್ಲಿ ಇದ್ದುಕೊಂಡು ಟ್ರ್ಯಾಕ್ ಹುಚ್ಚು ಹಿಡಿಸಿಕೊಂಡರೆ ಕಷ್ಟ. ಹತ್ತಿರದಲ್ಲಿ ಟ್ರ್ಯಾಕೇ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಆರುನೂರು ಕಿಲೋಮೀಟರ್ ಆಗುತ್ತದೆ. ಚೆನ್ನೈ ಕಡೆಯ ಇರುಂಗಾಟುಕೋಟೈಯೂ ಹೆಚ್ಚುಕಮ್ಮಿ ಅಷ್ಟೇ. ಕಾರನ್ನು ಟ್ರೇಲರ್ ಮೇಲೆ ಹಾಕಿಕೊಂಡು ಹೋಗುವಷ್ಟು ದುಡ್ಡು ನನ್ನ ಹತ್ರ ಇಲ್ಲ. ಓಡಿಸಿಕೊಂಡೇ ಹೋಗಬೇಕು, ಅದರಲ್ಲೇ ಲ್ಯಾಪ್ ಹಾಕಬೇಕು, ಅದರಲ್ಲೇ ವಾಪಸ್ ಬರಬೇಕು. ಮಾರನೇ ದಿನ ಅಮ್ಮನ್ನ ಕೂರಿಸಿಕೊಂಡು ಹರಿಹರಕ್ಕೂ ಅದರಲ್ಲೇ ಹೋಗಬೇಕು. ಎಂಜಿನ್ನನ್ನು ಕಾರಿನ ಬಾಡಿಗೆ ಹಿಡಿದಿಡುವ ರಬ್ಬರ್ ಆಧಾರಗಳು, ಅಂದರೆ ಮೌಂಟ್‌ಗಳ ವಿಚಾರದಲ್ಲಿ ನಾನು ಎಲ್ಲಿ ನಿಂತೆ ಅನ್ನುವುದಕ್ಕೆ ಇದೇ ಕಾರಣ.

ನನ್ನದು ಪೋಲೊ 1.0 ಟಿಎಸ್‌ಐ, ಆರು ಗೇರಿನ ಮ್ಯಾನ್ಯುಯಲ್. 110 ಪಿಎಸ್, 175 ನ್ಯೂಟನ್ ಮೀಟರ್. ಇದನ್ನು ಸ್ಪೋರ್ಟ್ಸ್ ಕಾರ್ ಅಂದರೆ ನಗುವವರಿದ್ದಾರೆ, ನಗಲಿ ಬಿಡಿ.

ಟ್ರ್ಯಾಕ್‌ನಲ್ಲಿ ನನಗೆ ತೊಂದರೆ ಕೊಟ್ಟಿದ್ದು ಪವರ್ ಅಲ್ಲ. ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಗೆ ಬರುವಾಗ ಆಕ್ಸಿಲರೇಟರ್ ಒತ್ತಿದರೆ ಮೊದಲು ‘ಧಡ್’ ಅಂತ ಒಂದು ಏಟು, ಆಮೇಲೆ ಎಳೆತ. ಕಾಲು ತೆಗೆದರೆ ಮತ್ತೆ ಧಡ್. ನಿಂತಲ್ಲಿಂದ ಜೋರಾಗಿ ಎತ್ತಿದರೆ ಮುಂದಿನ ಚಕ್ರಗಳು ಟಪಟಪ ಕುಣಿಯುತ್ತಿದ್ದವು. ವೀಲ್ ಹಾಪ್ ಅನ್ನೋದು ಇದನ್ನೇ. ಟೈರ್ ಜಾರುತ್ತದೆ, ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಒಂದೊಂದು ಸಲಕ್ಕೂ ಇಡೀ ಎಂಜಿನ್ ಹಿಂದೆ ಮುಂದೆ ತೂಗುತ್ತದೆ. ಆ ತೂಗಾಟ ಕುಣಿತವನ್ನು ಇನ್ನೂ ಜಾಸ್ತಿ ಮಾಡುತ್ತದೆ.

ಎಷ್ಟು ತೂಗುತ್ತದೆ ಅಂತ ಯಾರು ಬೇಕಾದರೂ ನೋಡಬಹುದು. ಬಾನೆಟ್ ಎತ್ತಿ, ಎಂಜಿನ್ ಮೇಲೊಂದು, ಅದರ ಪಕ್ಕದ ಬಾಡಿ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ, ಎರಡೂ ಎದುರುಬದುರು ಬರುವ ಹಾಗೆ. ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದು, ಫಸ್ಟ್ ಗೇರಿನಲ್ಲಿ ಕ್ಲಚ್ ಸ್ವಲ್ಪ ಬಿಡಲಿ. ನೀವು ಕಾರಿನ ಪಕ್ಕ ನಿಂತು ನೋಡಿ, ಮುಂದೆ ಮಾತ್ರ ನಿಲ್ಲಬೇಡಿ. ಎಂಜಿನ್ನಿನ ತಲೆ ಹಿಂದಕ್ಕೆ ವಾಲುತ್ತದೆ. ರಿವರ್ಸ್ ಹಾಕಿದರೆ ಮುಂದಕ್ಕೆ. ನನ್ನ ಕಾರಿನಲ್ಲಿ ಗೆರೆ ಹೆಚ್ಚುಕಮ್ಮಿ ಹೆಬ್ಬೆರಳಿನ ಅಗಲ ಸರಿಯಿತು. ಗೇರ್ ಕೇಬಲ್‌ಗಳ ಒಂದು ತುದಿ ಇದೇ ತೂಗಾಡುವ ಗೇರ್‌ಬಾಕ್ಸ್ ಮೇಲಿದೆ. ಅರ್ಜೆಂಟಲ್ಲಿ ಗೇರ್ ಸರಿಯಾಗಿ ಬೀಳುತ್ತಿರಲಿಲ್ಲ, ಅದಕ್ಕೂ ಇದೇ ಮೂಲ.

ಎಂಜಿನ್ ಅಡ್ಡ ಇರುವ, ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಎಳೆತವನ್ನು ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ ಮೂರೂ ಒಂದೇ ಗಂಟು. ಹಾಗಾಗಿ ಮೌಂಟ್ ಮೇಲೆ ಬೀಳುವುದು ಬರೀ ಎಂಜಿನ್ನಿನ 175 ನ್ಯೂಟನ್ ಮೀಟರ್ ಅಲ್ಲ. ಫಸ್ಟ್ ಗೇರು, ಚಕ್ರಕ್ಕೆ ಹೋಗುವ ಮುಂಚಿನ ಕೊನೆಯ ಗೇರಾದ ಫೈನಲ್ ಡ್ರೈವ್ ಸೇರಿ ಅದನ್ನು ಹತ್ತು ಪಟ್ಟಿಗಿಂತ ಜಾಸ್ತಿ ಮಾಡುತ್ತವೆ. ಚಕ್ರವನ್ನು ಮುಂದಕ್ಕೆ ತಿರುಗಿಸುವ ಬಲ ಎಷ್ಟೋ, ಎಂಜಿನ್ನನ್ನು ಹಿಂದಕ್ಕೆ ತಿರುಗಿಸುವ ಬಲವೂ ಅಷ್ಟೇ. ಎಂಜಿನ್ ಉದ್ದಕ್ಕೆ ಇರುವ, ಹಿಂದಿನ ಚಕ್ರ ಎಳೆಯುವ ಸ್ಪೋರ್ಟ್ಸ್ ಕಾರುಗಳ ಕಥೆ ಬೇರೆ. ಅಲ್ಲಿ ಫೈನಲ್ ಡ್ರೈವ್ ಹಿಂದಿರುವುದರಿಂದ ದೊಡ್ಡ ಏಟು ಹಿಂದಿನ ಡಿಫರೆನ್ಷಿಯಲ್ ಹಿಡಿದಿಡುವ ರಬ್ಬರ್ ಬುಷ್‌ಗಳಿಗೆ ಬೀಳುತ್ತದೆ. ಅಂಥ ಕಾರಿನವರು ಎಂಜಿನ್ ಮೌಂಟ್ ಒಂದನ್ನೇ ಬದಲಿಸಿ ಏನೂ ಫರಕ್ಕಾಗಲಿಲ್ಲ ಅಂತಾರೆ. ಹೇಗೆ ಆಗುತ್ತೆ?

ಪೋಲೊದಲ್ಲಿ ಮೌಂಟ್ ಮೂರು. ಬಲಗಡೆ ಎಂಜಿನ್ನಿಗೊಂದು, ಎಡಗಡೆ ಗೇರ್‌ಬಾಕ್ಸಿಗೊಂದು. ಭಾರ ಹೊರುವುದು ಇವೆರಡು. ಮೂರನೆಯದು ಕೆಳಗೆ ಸಬ್‌ಫ್ರೇಮಿಗೆ (ಬಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಕಟ್ಟಿದ ಪೆಂಡುಲಮ್ ಮೌಂಟ್, ನಾಯಿಗೆ ಹಾಕುವ ಮೂಳೆ ಆಕಾರದ್ದು. ಅದು ಭಾರ ಹೊರುವುದಿಲ್ಲ, ಎಂಜಿನ್ ತಿರುಗದಂತೆ ತಡೆಯುವುದಷ್ಟೇ ಅದರ ಕೆಲಸ. ಅದರ ದೊಡ್ಡ ರಬ್ಬರ್ ಬುಷ್‌ನಲ್ಲಿ ಕಂಪನಿಯವರು ಬೇಕಂತಲೇ ಖಾಲಿ ಜಾಗ ಬಿಟ್ಟಿರುತ್ತಾರೆ. ಆ ಖಾಲಿ ಜಾಗಕ್ಕೆ ಪಾಲಿಯುರೆಥೇನ್ (ರಬ್ಬರಿನಂಥದ್ದೇ ಗಟ್ಟಿ ಪ್ಲಾಸ್ಟಿಕ್) ತುಂಡು ತುರುಕಿದರೆ ಅರ್ಧ ತೂಗಾಟ ಅಲ್ಲೇ ನಿಲ್ಲುತ್ತದೆ. ನಾನು ಮಾಡಿದ್ದು ಇಷ್ಟೇ. ಮೇಲಿನ ಎರಡನ್ನು ಮುಟ್ಟಲಿಲ್ಲ.

ಮುಟ್ಟಿದರೆ ಏನಾಗುತ್ತದೆ ಅನ್ನುವುದನ್ನು ಚಿತ್ರದುರ್ಗದ ಗೆಳೆಯನ ಹಳೆಯ ಹೋಂಡಾ ಸಿಟಿಯಲ್ಲಿ ಕೂತು ನೋಡಿದ್ದೇನೆ. ಅವನದು ಮಣ್ಣಿನ ಮೇಲೆ ಓಡುವ ಆಟೋಕ್ರಾಸ್ ರೇಸಿನ ಕಾರು. ಎಲ್ಲ ಮೌಂಟಿಗೂ ಅಲ್ಯುಮಿನಿಯಂ ತುಂಡು, ಹರಿಹರದಲ್ಲಿ ಲೇತ್ ಮೇಲೆ ಕಡೆಸಿದ್ದು. ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಊರದು. ಕಾರ್ಖಾನೆ ಮುಚ್ಚಿದರೂ ಕೈಗಳು ಉಳಿದಿವೆ, ಕೆಲಸ ಅಷ್ಟು ಚೊಕ್ಕ. ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಕಾರು ಹಾರುತ್ತದೆ, ಅದೊಂದು ಮಜಾ. ಆದರೆ ಸುಮ್ನೆ ನಿಂತಿದ್ದಾಗಲೂ ಡ್ಯಾಶ್‌ಬೋರ್ಡ್ ಗಿರಗಿರ ಅನ್ನುತ್ತದೆ, ಮಾತಾಡಬೇಕಂದ್ರೆ ಕೂಗಬೇಕು. ಎಲ್ಲಿ ಯಾವ ಬೋಲ್ಟ್ ಸಡಿಲಾಗಿದೆ ಅಂತ ಅವನು ಸದಾ ಹುಡುಕುತ್ತಿರುತ್ತಾನೆ. ಆ ಕಾರು ರಸ್ತೆಗೆ ಇಳಿಯುವುದೇ ಇಲ್ಲ, ಹಾಗಾಗಿ ಅವನು ಮಾಡಿದ್ದು ಅವನಿಗೆ ಸರಿ.

ನನ್ನ ಎಂಜಿನ್ನಿಗೆ ಇನ್ನೊಂದು ತಲೆನೋವಿದೆ. ಮೂರೇ ಸಿಲಿಂಡರ್, ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ. ಐಡಲ್, ಅಂದರೆ ಕಾರು ನಿಂತಿದ್ದಾಗ ಎಂಜಿನ್ ಓಡುವ ವೇಗ, 800 ಆರ್‌ಪಿಎಂ ಅಂದುಕೊಂಡರೆ ಸೆಕೆಂಡಿಗೆ 20 ಸಲ ಫೈರಿಂಗ್. ಇಷ್ಟು ನಿಧಾನದ ನಡುಕವನ್ನು ಮೆತ್ತನೆಯ ಮೌಂಟ್ ಮಾತ್ರ ನುಂಗಬಲ್ಲದು. ಗಟ್ಟಿಯಾದಷ್ಟೂ ಅದು ನೇರ ಸೀಟಿಗೆ, ಸ್ಟಿಯರಿಂಗಿಗೆ ಬರುತ್ತದೆ. ಅದಕ್ಕೇ ನಾನು ಹುಡುಕಿ ತಂದಿದ್ದು ಮೆತ್ತನೆಯ ಇನ್ಸರ್ಟ್ (ಆ ತುರುಕುವ ತುಂಡು), ಗಟ್ಟಿತನದ ಶೋರ್ ಎ ಅಳತೆಯಲ್ಲಿ 70. ರೇಸಿಗೆ ಅಂತ ಮಾರುವವು 80, 90ರ ಮೇಲೆ ಇರುತ್ತವೆ. ನಾಲ್ಕು ಸಿಲಿಂಡರ್ ಕಾರಿನವರು ಇನ್ನೊಂದು ಮೆಟ್ಟಿಲು ಮೇಲೆ ಹೋದರೂ ತಡೆದುಕೊಳ್ಳಬಹುದು.

ಕೆಲಸ ದೊಡ್ಡದೇನಲ್ಲ. ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟಿಗೆ ಏರಿಸಿ, ಗೇರ್‌ಬಾಕ್ಸ್ ಕೆಳಗೆ ಮರದ ಹಲಗೆ ಇಟ್ಟು ಜ್ಯಾಕ್ ಕೊಟ್ಟು, ಪೆಂಡುಲಮ್ ಬೋಲ್ಟ್ ಬಿಚ್ಚಿದೆವು. ಪಾಲಿಯುರೆಥೇನ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಲೇಬೇಕು, ಇಲ್ಲದಿದ್ದರೆ ಹಂಪ್ ಹತ್ತಿದಾಗೆಲ್ಲ ಕಿರ್ ಅನ್ನುತ್ತದೆ. ಮೆಕ್ಯಾನಿಕ್ ಹಳೇ ಬೋಲ್ಟನ್ನೇ ಒರೆಸಿ ಹಾಕಲು ಹೊರಟಿದ್ದ, ನಾನು ಬಿಡಲಿಲ್ಲ. ಇವು ಮೊದಲು ಟಾರ್ಕ್ ರೆಂಚಿನಲ್ಲಿ ಬಿಗಿದು, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸುವ ಬೋಲ್ಟುಗಳು. ಬಿಗಿದಾಗ ಹಿಗ್ಗುತ್ತವೆ. ಒಮ್ಮೆ ಹಿಗ್ಗಿದ್ದು ಇನ್ನೊಮ್ಮೆ ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ ಅನ್ನುವ ಭರವಸೆ ಇಲ್ಲ.

ಈಗ ಆ ಧಡ್ ಹೋಯಿತು. ಸೀಮೆಸುಣ್ಣದ ಗೆರೆ ಅರ್ಧಕ್ಕಿಂತ ಕಡಿಮೆ ಸರಿಯುತ್ತದೆ. ಗೇರ್ ತಕರಾರಿಲ್ಲದೆ ಬೀಳುತ್ತದೆ. ವೀಲ್ ಹಾಪ್ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಅದರಲ್ಲಿ ಟೈರ್, ಸಸ್ಪೆನ್ಷನ್ ಬುಷ್‌ಗಳ ಪಾಲೂ ಇದೆ. ಇದಕ್ಕೆಲ್ಲ ತೆತ್ತ ಬೆಲೆ ಐಡಲ್‌ನಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ರೈಲ್ವೆ ಗೇಟಿನ ಮುಂದೆ ನಿಂತಾಗ ಕನ್ನಡಿ ನಡುಗಿ, ಹಿಂದಿನ ಲಾರಿಯ ನಂಬರ್ ಪ್ಲೇಟ್ ಓದಲು ಬರುವುದಿಲ್ಲ. ಮೊದಮೊದಲು ಇನ್ನೂ ಜಾಸ್ತಿ ಇತ್ತು, ಪಾಲಿಯುರೆಥೇನ್ ಹೊಂದಿಕೊಂಡ ಮೇಲೆ ತಗ್ಗಿದೆ. ಚಿತ್ರದುರ್ಗ ದಾಟಿ ಹೆದ್ದಾರಿಯಲ್ಲಿ ಆರನೇ ಗೇರಿಗೆ ಬಿದ್ದರೆ ಏನೂ ಗೊತ್ತಾಗುವುದಿಲ್ಲ. ಅಮ್ಮ ಮಾತ್ರ ಗೇಟಿನ ಹತ್ರ ಒಂದು ಸಲ, ‘ಕಾರಿಗೆ ಚಳಿಜ್ವರ ಬಂದಿದೆಯೇನೋ’ ಅಂದಳು.

ಇನ್ಸರ್ಟ್ ಹಾಕುವ ಮುಂಚೆ ಹಳೇ ರಬ್ಬರ್ ಹೇಗಿದೆ ನೋಡಿ. ಸೀಳು ಬಿಟ್ಟಿದ್ದರೆ ಹೊಸ ಒರಿಜಿನಲ್ ಮೌಂಟ್ ಹಾಕಿ ಒಂದಷ್ಟು ದಿನ ಓಡಿಸಿ. ಎಷ್ಟೋ ಜನರಿಗೆ ಅಷ್ಟಕ್ಕೇ ಸಮಸ್ಯೆ ಮುಗಿಯುತ್ತದೆ. ಸ್ಪರ್ಧೆಗೆ ಇಳಿಯುವವರಾದರೆ ನಿಮ್ಮ ಕ್ಲಾಸಿನಲ್ಲಿ ಮೌಂಟ್ ಬದಲಿಸಲು ಬಿಡುತ್ತಾರಾ ಅಂತ ದೇಶದ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಎಂಎಸ್‌ಸಿಐ ನಿಯಮ ಓದಿಕೊಂಡೇ ದುಡ್ಡು ಹಾಕಿ.