ಕಾಲಿನ ಸ್ಟೆಂಟ್ ಮತ್ತೆ ಕಟ್ಟುತ್ತಿದೆಯಾ? ರಕ್ತದ ವರದಿ ಓದುವುದು ಹೀಗೆ

ಮಂಡ್ಯದ ಹತ್ತಿರದ ಊರಲ್ಲಿ ನಮ್ಮ ಮಾವನವರಿದ್ದಾರೆ. ಎಡತೊಡೆಯ ರಕ್ತನಾಳಕ್ಕೆ ಸ್ಟೆಂಟ್, ಅಂದರೆ ನಾಳ ತೆರೆದಿಡುವ ಲೋಹದ ಜಾಲರಿ, ಹಾಕಿಸಿಕೊಂಡ ಮೇಲೆ ಮನೆಯಿಂದ ನಾಲೆ ಏರಿವರೆಗೆ ಎಲ್ಲೂ ನಿಲ್ಲದೆ ನಡೆಯುತ್ತಿದ್ದರು. ಏಳನೇ ತಿಂಗಳಿಗೆ ಅರ್ಧ ದಾರಿಯ ಹುಣಸೆಮರದ ಬುಡದಲ್ಲಿ ಕೂರತೊಡಗಿದರು. ‘ಮೀನಖಂಡ ಹಿಡ್ಕತದೆ ಕಣವ್ವ, ವಯಸ್ಸಾಯ್ತಲ್ಲ’ ಅಂದರು. ವಯಸ್ಸಲ್ಲ, ಸ್ಟೆಂಟಿನೊಳಗೆ ನಾಳ ಕಿರಿದಾಗಿತ್ತು. ಫೈಲಿನಲ್ಲಿ ನಾಲ್ಕು ರಕ್ತದ ವರದಿಗಳಿದ್ದವು. ಅವನ್ನು ಪಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಆಗುವುದಿಷ್ಟು. ಬಲೂನಿನಿಂದ ನಾಳ ಹಿಗ್ಗಿಸಿ ಲೋಹದ ಜಾಲರಿ ಕೂರಿಸುವಾಗ ಒಳಗೋಡೆಗೆ ಗಾಯವಾಗುತ್ತದೆ. ಗಾಯ ಮಾಯಲು ಉರಿಯೂತ, ಅಂದರೆ ಗಾಯಕ್ಕೆ ಮೈ ತೋರುವ ಪ್ರತಿಕ್ರಿಯೆ, ಬೇಕೇ ಬೇಕು. ಅದು ಜಾಸ್ತಿಯಾದರೆ ಗೋಡೆಯ ಸ್ನಾಯು ಕೋಶಗಳು ಜಾಲರಿಯೊಳಕ್ಕೆ ಬೆಳೆಯುತ್ತವೆ. ನಾಲೆಗೆ ಹೂಳು ತುಂಬಿದ ಹಾಗಲ್ಲ, ಏರಿಯೇ ಒಳಕ್ಕೆ ಬೆಳೆದ ಹಾಗೆ. ತೊಡೆಯ ನಾಳವಂತೂ ಕೂತಾಗ, ಎದ್ದಾಗ ಮಡಚಿ ತಿರುಚಿಕೊಳ್ಳುತ್ತಲೇ ಇರುತ್ತದೆ. ಮೊದಲ ವರ್ಷ ಹೆಚ್ಚು ಎಚ್ಚರ ಬೇಕು.

ಮೊದಲ ಹೆಜ್ಜೆ, ಯಾವ ಪರೀಕ್ಷೆ ಅಂತ ನೋಡಿ. ಸಿಆರ್‌ಪಿ ಅನ್ನುವುದು ಉರಿಯೂತವಿದ್ದಾಗ ಲಿವರ್ ತಯಾರಿಸುವ ಪ್ರೋಟೀನ್. ಸಣ್ಣ ಪ್ರಮಾಣವನ್ನೂ ಹಿಡಿಯುವ ‘ಹೈ ಸೆನ್ಸಿಟಿವಿಟಿ’ ಸಿಆರ್‌ಪಿಯೇ ಬೇಕು ಎಂದು ಲ್ಯಾಬಿನಲ್ಲಿ ಕೇಳಿ. ಖಾಲಿ ಹೊಟ್ಟೆ ಬೇಕಿಲ್ಲ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 1ರಿಂದ 3 ನಡುವಿನದು, 3 ದಾಟಿದರೆ ಜಾಸ್ತಿ. ಅಳತೆಯ ಕಡೆ ಗಮನವಿರಲಿ. ಕೆಲವು ವರದಿಗಳಲ್ಲಿ ಡೆಸಿಲೀಟರ್, ಅಂದರೆ ಲೀಟರಿನ ಹತ್ತನೇ ಒಂದು ಭಾಗದ ಲೆಕ್ಕ ಇರುತ್ತದೆ. ಅಲ್ಲಿ 0.5 ಅಂದರೆ ಇಲ್ಲಿ 5! ನಾವು ಮೊದಲು ಎಡವಿದ್ದೇ ಇಲ್ಲಿ.

ಎರಡನೆಯದು, ಯಾವ ದಿನ ಕೊಡುತ್ತೀರಿ ಅನ್ನುವುದು. ನೆಗಡಿ, ಜ್ವರ, ಹಲ್ಲಿನ ಕೀವು, ಕಾಲಿನ ಹುಣ್ಣು ಯಾವುದಿದ್ದರೂ ಸಿಆರ್‌ಪಿ ಏರುತ್ತದೆ. ಸ್ಟೆಂಟ್ ಹಾಕಿದ ಮೊದಲ ದಿನಗಳಲ್ಲೂ ಏರಿರುತ್ತದೆ. 10 ದಾಟಿದ್ದರೆ ಬೇರೆ ಕಾರಣ ಹುಡುಕಿ, ಅದು ವಾಸಿಯಾಗಿ ಎರಡು ವಾರವಾದ ಮೇಲೆ ಮತ್ತೆ ಮಾಡಿಸಿ.

ಮೂರನೆಯದಕ್ಕೆ ಹೊಸ ಖರ್ಚಿಲ್ಲ. ರಕ್ತಕಣಗಳನ್ನು ಎಣಿಸುವ ಮಾಮೂಲಿ ಸಿಬಿಸಿ ವರದಿಯಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಅನ್ನುವ ಎರಡು ಬಗೆಯ ಬಿಳಿ ರಕ್ತಕಣಗಳ ಸಾಲು ಹುಡುಕಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 72 ಮತ್ತು 18 ಇದ್ದರೆ ಉತ್ತರ 4. ಈ ಅನುಪಾತ ಏರುವುದೂ ಉರಿಯೂತದ ಗುರುತು. ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದರೂ ಇದು ಏರುತ್ತದೆ, ಅದನ್ನೂ ಬರೆದಿಡಿ.

ಬರೆದಿಡಲು ಒಂದು ನೋಟ್‌ಬುಕ್ ಬೇಕು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ತಾರೀಕು, ಅಂಕಿ, ಆ ವಾರ ಮೈ ಹೇಗಿತ್ತು, ನೋವು ಬರುವವರೆಗೆ ಎಷ್ಟು ದೂರ ನಡೆದರು, ಇಷ್ಟು ಸಾಕು. ಒಂದೇ ಅಂಕಿ ಏನೂ ಹೇಳದು. ಸೋಂಕಿಲ್ಲದಿದ್ದರೂ ಸಿಆರ್‌ಪಿ ಇಳಿಯುತ್ತಿಲ್ಲ, ನಡೆಯುವ ದೂರ ಮಾತ್ರ ಕಡಿಮೆಯಾಗುತ್ತಿದೆ ಅಂದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಉರಿಯೂತ ಹೆಚ್ಚಿದ್ದವರಲ್ಲಿ ಸ್ಟೆಂಟ್ ಕಿರಿದಾಗುವುದು ಜಾಸ್ತಿ ಎಂದು ಅಧ್ಯಯನಗಳು ತೋರಿಸಿವೆ, ನಿಜ. ಆದರೆ ನಿಮ್ಮ ಕಾಲಿನ ನಾಳ ಕಟ್ಟಿದೆಯೋ ಇಲ್ಲವೋ ಎಂದು ರಕ್ತ ಹೇಳಲಾರದು. ಅದಕ್ಕೆ ನಾಳದೊಳಗಿನ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕು. ಜೊತೆಗೆ ಪಾದದ ಗಿಣ್ಣಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುವ ಎಬಿಐ ಪರೀಕ್ಷೆ ಇದೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ರಕ್ತದ ಹರಿವು ಸಾಲದು ಎಂದರ್ಥ. ತುಂಬಾ ವರ್ಷ ಸಕ್ಕರೆ ಕಾಯಿಲೆ ಇದ್ದವರ ನಾಳ ಗಟ್ಟಿಯಾಗಿ ಎಬಿಐ ಸುಳ್ಳೇ ಚೆನ್ನಾಗಿ ಕಾಣಬಹುದು. ಅವರು ಕಾಲ್ಬೆರಳಿನ ಬಿಪಿ ನೋಡಿಸಲು ಕೇಳಬೇಕು.

ಬೀಡಿ ಬಿಡಲೇಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮತ್ತು ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಗಳನ್ನು ಹಲ್ಲು ಕೀಳಿಸುವ ನೆಪಕ್ಕೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ನಡಿಗೆಗೆ ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆಯಲ್ಲ. ನೋವು ಬರುವವರೆಗೆ ನಡೆಯಿರಿ, ಕೂತು ಸುಧಾರಿಸಿಕೊಳ್ಳಿ, ಮತ್ತೆ ನಡೆಯಿರಿ. ವಾರಕ್ಕೆ ಮೂರು ದಿನವಾದರೂ 30ರಿಂದ 45 ನಿಮಿಷ, ಮೂರು ತಿಂಗಳು ಬಿಡದೆ ಮಾಡಿ. ಪಾದದಲ್ಲಿ ಹುಣ್ಣಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದು ಬೆರಳು ಆಡಿಸಲಾಗದಿದ್ದರೆ ನೋಟ್‌ಬುಕ್ ಹುಡುಕುತ್ತಾ ಕೂರಬೇಡಿ. ಬೆಳಗಾಗಲಿ ಅಂತಲೂ ಕಾಯಬೇಡಿ. ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೊರಡಿ.