ಎಡಗೈ ಬಳೆಯ ಸದ್ದು

ನಾನು ಕಲಬುರಗಿಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ಪೆಟ್ಟು ಬಿದ್ದವರು ಸ್ನಾನ, ಊಟ, ಅಡುಗೆ, ಹೊಲದ ಕೆಲಸ ಮತ್ತೆ ತಾವೇ ಮಾಡಿಕೊಳ್ಳೋ ಹಾಗೆ ತಯಾರು ಮಾಡೋದು ನನ್ನ ಕೆಲಸ.

ಜೇವರ್ಗಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳ ವಿಷಯ ಹೇಳ್ತೀನಿ. ವಯಸ್ಸು ನಲವತ್ತರ ಹತ್ತಿರ. ನಾನು ಅಕ್ಕ ಅಂತಲೇ ಕರೀತೀನಿ. ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದು ತಲೆಯ ಬಲಭಾಗಕ್ಕೂ ಮುಂಭಾಗಕ್ಕೂ ಪೆಟ್ಟಾಗಿತ್ತು. ಹೆಲ್ಮೆಟ್ ಇರಲಿಲ್ಲ. ಆಸ್ಪತ್ರೆಗೆ ತಂದಾಗ ಗ್ಲಾಸ್ಗೋ ಕೋಮಾ ಸ್ಕೋರ್, ಅಂದರೆ ಎಚ್ಚರ ಎಷ್ಟಿದೆ ಅಂತ ಅಳೆಯೋ ಅಂಕ, 15ಕ್ಕೆ 7. ಅದು 8 ಅಥವಾ ಕಡಿಮೆ ಇದ್ದರೆ ತೀವ್ರ ಪೆಟ್ಟು ಅಂತ ಲೆಕ್ಕ.

ನಾಲ್ಕು ತಿಂಗಳ ಮೇಲೆ ನಾನು ಮನೆಗೆ ಹೋದೆ. ಅಕ್ಕ ನಡೀತಿದ್ದರು, ಮಾತಾಡ್ತಿದ್ದರು. ಆದರೆ ಊಟ ಮುಗಿದ ಮೇಲೂ ತಟ್ಟೆಯ ಎಡಬದಿಯ ಪಲ್ಯ ಹಾಗೇ ಇರುತ್ತಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ಬಲಭಾಗಕ್ಕೆ ಪೆಟ್ಟಾದ ಮೆದುಳೇ ಎಡಗಡೆಯನ್ನು ಲೆಕ್ಕಕ್ಕೆ ಹಿಡೀತಿರಲಿಲ್ಲ. ಎಡಗೈಯಲ್ಲಿ ಶಕ್ತಿ ಇತ್ತು, ಆದರೂ ಅದು ತೊಡೆ ಮೇಲೆ ಸುಮ್ನೆ ಬಿದ್ದಿರುತ್ತಿತ್ತು.

"ಕುಂತಲ್ಲೇ ಕುಂದರ್ತಾಳ್ರಿ ಮೇಡಂ. ಮೈಗಳ್ಳಿ ಆಗ್ಯಾಳ" ಅಂದರು ಅತ್ತೆ. ಮೈಗಳ್ಳತನ ಅಲ್ಲವೇ ಅಲ್ಲ. ಮೆದುಳಿನ ಮುಂಭಾಗಕ್ಕೆ ಏಟಾದರೆ ಎಷ್ಟೋ ಸಲ ಕೆಲಸ ಗೊತ್ತಿದ್ದರೂ ಶುರು ಮಾಡೋಕೆ ಆಗೋದಿಲ್ಲ. ಇದನ್ನು ಮನೆಯವರಿಗೆ ತಿಳಿಸೋಕೇ ನನಗೆ ಎರಡು ದಿನ ಬೇಕಾಯ್ತು.

ಮೊದಲ ವಾರ ಪೆಗ್ ಬೋರ್ಡ್ ತಗೊಂಡು ಹೋಗಿದ್ದೆ. ತೂತಿಗೆ ಕಡ್ಡಿ ಸಿಕ್ಕಿಸೋದು. ಅಕ್ಕ ಮುಖ ತಿರುಗಿಸಿಬಿಟ್ಟರು. ಅದು ನನ್ನ ತಪ್ಪು. ಆ ಕಡ್ಡಿಗೂ ಅವರ ಬದುಕಿಗೂ ಏನು ಸಂಬಂಧ ಹೇಳಿ?

ಎರಡನೇ ವಾರ ಜೋಳದ ಹಿಟ್ಟು ಮುಂದಿಟ್ಟೆ. ಹೊಸದಾಗಿ ಕಲಿತದ್ದು ಮರೆತುಹೋದರೂ ವರ್ಷಗಟ್ಟಲೆ ಮಾಡಿದ ಕೆಲಸ ಕೈಯಲ್ಲಿ ಎಷ್ಟೋ ಸಲ ಉಳಿದಿರುತ್ತೆ. ಮುದ್ದೆ ಇಟ್ಟ ಕೂಡಲೇ ಬಲಗೈ ತಾನೇ ಬಡಿಯೋಕೆ ಶುರು ಮಾಡಿತು! ಆದರೆ ರೊಟ್ಟಿ ಬಡಿಯುವಾಗ ಅಂಚು ಹಿಡಿದು ತಿರುಗಿಸೋದು ಎಡಗೈ ಅಲ್ವಾ? ಅದು ಬರಲಿಲ್ಲ. ರೊಟ್ಟಿ ತಿರುಗಲಿಲ್ಲ, ಅಂಚು ಸೀಳಿತು.

ಆಗ ಬಳೆ ನೆನಪಾಯ್ತು. ಆಸ್ಪತ್ರೆಯಲ್ಲಿ ತೆಗೆಸಿದ್ದ ಹಸಿರು ಗಾಜಿನ ಬಳೆಗಳನ್ನು ಎಡಗೈಗೆ ಮಾತ್ರ ಹಾಕಿ ಅಂದೆ. "ಒಂದ ಕೈ ಬರಿದು ಬಿಡಬಾರದ್ರಿ" ಅಂತ ಅತ್ತೆ ಒಪ್ಪಲಿಲ್ಲ. ಅವರ ಮಾತೂ ಸರಿ. ಬಲಗೈಗೆ ಸದ್ದಾಗದ ಹಾಗೆ ಒಂದೇ ಒಂದು ಪಾಟ್ಲಿ ಹಾಕಿದೆವು. ಎಡಗೈ ಆಡಿದರೆ ಸದ್ದು, ನಿಂತರೆ ಸದ್ದಿಲ್ಲ. ಸದ್ದು ನಿಂತಾಗ ಮಗಳು "ಯವ್ವಾ, ಬಳಿ" ಅನ್ನುತ್ತಿದ್ದಳು, ಅಷ್ಟೇ. ಕೈ ಹಿಡಿದು ಮಾಡಿಸಬೇಡ, ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿ ಅಂತ ಹೇಳಿದ್ದೆ. ಮನೆಯವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಈ ಕಾಯೋದೇ. ಹಿಟ್ಟಿನ ಬೋಗುಣಿಯನ್ನೂ ಎಡಕ್ಕೇ ಇಡಿಸಿದೆ, ಕತ್ತು ಆ ಕಡೆ ತಿರುಗಲಿ ಅಂತ.

ಬೆಳಿಗ್ಗೆ ಏಳಕ್ಕೆ ಇಪ್ಪತ್ತು ನಿಮಿಷ ಮಾತ್ರ. ಮೆದುಳಿಗೆ ಪೆಟ್ಟಾದವರಿಗೆ ಬೇಗ ಆಯಾಸ ಆಗುತ್ತೆ, ಅದರ ಮೇಲೆ ನಮ್ಮ ಬಿಸಿಲು ಬೇರೆ. ಬಡಿಯೋದು ಕುದುರಿದ ಮೇಲೆ ನಾದೋದು, ಆಮೇಲೆ ಎಸರು ಹಾಕೋದು. ಬೆಂಕಿ ಕೊನೆಗೆ. ಇಂಥ ಪೆಟ್ಟಿನ ನಂತರ ತಿಂಗಳುಗಳಾದ ಮೇಲೂ ಫಿಟ್ಸ್ ಬರಬಹುದು. ಅದಕ್ಕೇ ಒಲೆ ಹತ್ತಿರ ಒಬ್ಬರು ಇರಲೇಬೇಕು ಅಂತ ಈಗಲೂ ಪಟ್ಟು ಹಿಡೀತೀನಿ.

ಎರಡೂವರೆ ತಿಂಗಳಿಗೆ ಒಂದು ರೊಟ್ಟಿ ಪೂರ್ತಿ ಗುಂಡಗೆ ಬಂತು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು. ಏನೂ ಅನ್ನದೆ ಇನ್ನೊಂದು ಮುದ್ದೆ ಮುಂದಿಟ್ಟರು.

ಈಗ ಅಕ್ಕ ಆರು ರೊಟ್ಟಿ ಬಡೀತಾರೆ. ಹೊಲಕ್ಕೆ ಹೋಗಬೇಕಂತೆ, ತೊಗರಿ ನೋಡಬೇಕಂತೆ. ಅದಕ್ಕೆ ಮುಂಚೆ ಜೊತೆಗೆ ರಸ್ತೆ ದಾಟಿ ನೋಡಬೇಕು. ಎಡದಿಂದ ಬರೋ ಟ್ರ್ಯಾಕ್ಟರ್ ಅವರ ಗಮನಕ್ಕೆ ಬರುತ್ತಾ ಅಂತ. ಬರೋ ಸೋಮವಾರ ಹೋಗ್ತಿದ್ದೀವಿ.