ಹ್ಯೂಸ್ ಕಾಗದಗಳಲ್ಲಿ ಒಂದೇ ಒಂದು ವರ್ಷ

ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕವಿತೆಗಳನ್ನು ಕನ್ನಡಕ್ಕೆ ತರುತ್ತಿದ್ದಾಗ ಅವರ ಕರಡುಗಳನ್ನು ಕಣ್ಣಾರೆ ನೋಡಬೇಕೆನಿಸಿತು. ಅವು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿವೆ. 1941ರಲ್ಲಿ ಹ್ಯೂಸ್ ಅವರ ಗೆಳೆಯ ಕಾರ್ಲ್ ವ್ಯಾನ್ ವೆಕ್ಟನ್ ಯೇಲ್‌ನಲ್ಲಿ ಕಪ್ಪು ಲೇಖಕರ ಸಂಗ್ರಹವೊಂದನ್ನು ಆರಂಭಿಸಿದರು. ಹ್ಯೂಸ್ ಬದುಕಿದ್ದಾಗಲೇ ತಮ್ಮ ಪತ್ರ, ಕರಡುಗಳನ್ನು ಅಲ್ಲಿಗೆ ಕಳುಹಿಸತೊಡಗಿದ್ದರು. ಮುಂದೊಂದು ದಿನ ಯಾರೋ ಬಂದು ಓದುತ್ತಾರೆಂದು ನಂಬಿ ಕಾಗದ ಎತ್ತಿಟ್ಟವರ ಮೇಲೆ ನನಗೆ ದೊಡ್ಡ ಗೌರವ.

ಮೊದಲ ದಿನ ಕವಿತೆಗಳ ಪೆಟ್ಟಿಗೆಗಳನ್ನಷ್ಟೇ ತರಿಸಿಕೊಂಡೆ. ತಪ್ಪಿದ್ದು ಅಲ್ಲೇ. ಕವಿತೆ, ಕಾದಂಬರಿ, ನಾಟಕ, ಗೀತನಾಟಕ, ಪತ್ರಿಕೆಯ ಅಂಕಣ, ಮಕ್ಕಳ ಪುಸ್ತಕ, ಅನುವಾದ, ಎಲ್ಲವನ್ನೂ ಬರೆದವರು ಹ್ಯೂಸ್. ಸಂಗ್ರಹದಲ್ಲಿ ಬರಹಗಳು ಒಂದು ಕಡೆ, ಪತ್ರಗಳು ಇನ್ನೊಂದು ಕಡೆ. ಪತ್ರಗಳೂ ವ್ಯಕ್ತಿಗಳ ಹೆಸರಿನ ಅಕ್ಷರಕ್ರಮದಲ್ಲಿ. ಹುಡುಕಲು ಅದು ಅನುಕೂಲವೇ. ಆದರೆ ಒಂದೇ ವಾರದ ಬದುಕು ಹತ್ತಾರು ಪೆಟ್ಟಿಗೆಗಳಲ್ಲಿ ಚದುರಿಹೋಗಿರುತ್ತದೆ.

ಆಗ ದಾರಿ ಬದಲಿಸಿ ಒಂದೇ ವರ್ಷವನ್ನು ಹಿಡಿದೆ: 1949. ಆ ವರ್ಷ ಹ್ಯೂಸ್ ಅವರು ಕವಿ ಆರ್ನಾ ಬಾಂಟೆಂಪ್ಸ್ ಜೊತೆ ಸಂಪಾದಿಸಿದ ಕಪ್ಪು ಕವಿಗಳ ದೊಡ್ಡ ಸಂಕಲನ ಬಂತು, ಅವರದೇ ಒಂದು ಕವನಸಂಕಲನವೂ ಬಂತು. ಷಿಕಾಗೋದ ಶಾಲೆಯೊಂದರಲ್ಲಿ ಕೆಲವು ತಿಂಗಳು ಪಾಠ ಮಾಡಿದರು. ಮಾರ್ಚ್ 31ರಂದು ವಿಲಿಯಂ ಗ್ರಾಂಟ್ ಸ್ಟಿಲ್ ಸಂಗೀತದ, ಹೈಟಿಯ ಕ್ರಾಂತಿಯ ಕತೆಯುಳ್ಳ ಅವರ ಗೀತನಾಟಕ ನ್ಯೂಯಾರ್ಕ್‌ನಲ್ಲಿ ರಂಗಕ್ಕೇರಿತು. ನಡುವೆ 'ಷಿಕಾಗೋ ಡಿಫೆಂಡರ್' ಎಂಬ ಕಪ್ಪುಜನರ ಪತ್ರಿಕೆಗೆ ಅವರ ಅಂಕಣ ಬೇರೆ.

ಓದುಕೋಣೆಯೊಳಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಹಾಳೆಯ ಎಡಕ್ಕೆ ಪತ್ರಗಳ ತಾರೀಖು, ಬಲಕ್ಕೆ ಕರಡುಗಳ ತಾರೀಖು ಬರೆಯುತ್ತಾ ಹೋದೆ. ಕಾರ್ಬನ್ ಪ್ರತಿಗಳ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳುವು. ಉಸಿರು ಬಿಗಿಹಿಡಿದು ಮಗುಚಬೇಕು. ಅವರ ಹಸಿರು ಶಾಯಿಯ ಸಹಿ ಕಂಡಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಒಂದು ಎಡವಟ್ಟನ್ನು ಹೇಳಲೇಬೇಕು. ಮೊದಲೆರಡು ದಿನ ತೆಗೆದ ಫೋಟೋಗಳಲ್ಲಿ ಪೆಟ್ಟಿಗೆ, ಕಡತದ ಸಂಖ್ಯೆಯೇ ಇರಲಿಲ್ಲ. ಯಾವ ಹಾಳೆ ಎಲ್ಲಿಯದೆಂದು ತಿಳಿಯದೆ ಅಷ್ಟನ್ನೂ ಮತ್ತೆ ತೆಗೆದೆ. ಆಮೇಲೆ ಸಂಖ್ಯೆ ಬರೆದ ಚೀಟಿಯನ್ನು ಪ್ರತಿ ಹಾಳೆಯ ಪಕ್ಕದಲ್ಲಿಟ್ಟೇ ಫೋಟೋ ತೆಗೆದೆ.

ಈ ಓದಿನಿಂದ ನನ್ನ ಅನುವಾದಕ್ಕೆ ಆದ ಲಾಭ ನಾನು ಎಣಿಸಿರದಂಥದ್ದು. ನ್ಯೂಯಾರ್ಕ್‌ನ ಕಪ್ಪುಜನರ ಬಡಾವಣೆ ಹಾರ್ಲೆಮ್ ಕುರಿತ ಅವರ 1951ರ ಕವಿತೆಗಳಲ್ಲಿ ಮತ್ತೆಮತ್ತೆ ಬರುವ ಕನಸಿಗೆ ನಾನು 'ಮುಂದೂಡಲ್ಪಟ್ಟ' ಎಂಬ ಕಚೇರಿಯ ಪದ ಅಂಟಿಸಿದ್ದೆ. ಅಂಕಣದ ಸಿಂಪಲ್ ಎಂಬ ಪಾತ್ರ ಬಾರಿನಲ್ಲಿ ಕುಳಿತು ಆಡುವ ಮಾತನ್ನು ಕವಿತೆಗಳ ಪಕ್ಕದಲ್ಲಿಟ್ಟು ಓದಿದಾಗ ಎರಡೂ ಒಂದೇ ಬೀದಿಯ ದನಿ ಎಂದು ಕಿವಿಗೆ ಕೇಳಿಸಿತು. ಆ ಪದ ಹೊಡೆದುಹಾಕಿದೆ. ಈಗ ಅದು 'ನಾಳೆ ಬಾ ಎಂದ ಕನಸು'.

ಮುಂದಿನ ಸಲ 1947ನ್ನು ಹಿಡಿಯುತ್ತೇನೆ. ಅವರು ಹಾಡು ಬರೆದ ನಾಟಕವೊಂದು ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಕ್ಕೇರಿದ ವರ್ಷ ಅದು. ಆ ಹಾಡುಗಳ ಹಣದಿಂದಲೇ ಹಾರ್ಲೆಮ್‌ನಲ್ಲಿ ಸ್ವಂತ ಮನೆ ಆದದ್ದು.